ತಾಕತ್ತಿನ ಗುಳಿಗೆಯ ಹಾಜರಿ ಪುಸ್ತಕ

ಶಿವರಾತ್ರಿಗೆ ಎರಡು ದಿನ ಬಾಕಿ ಇತ್ತು. ಫೆಬ್ರುವರಿ 24ರ ಸಂಜೆ 68 ವರ್ಷದ ನಿವೃತ್ತ ಮುಖ್ಯ ಶಿಕ್ಷಕರೊಬ್ಬರು ಸೊಸೆಯ ಜೊತೆ ಕಲಬುರಗಿಯ ನನ್ನ ದವಾಖಾನೆಗೆ ಬಂದರು. ಮೂಲ ಊರು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ನಿವೃತ್ತಿಯ ನಂತರ ನಗರದಲ್ಲಿ ಸೇಡಂ ರಸ್ತೆಯ ಕಡೆ ಮನೆ ಮಾಡಿಕೊಂಡಿದ್ದಾರೆ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, "ಡಾಕ್ಟರ್ ಸಾಹೇಬರೇ, ಸಂಡಾಸವಾಗಿ ಐದು ದಿನವಾಯಿತು" ಎಂದರು. ಸೊಸೆ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಇಲ್ಲಿ ಅವರು ಬರೀ ಮಾಸ್ತರರು. ರೋಗ ಅಪರೂಪದ್ದೆಂದು ಬರೆಯುತ್ತಿಲ್ಲ. ಕಣ್ಣೆದುರೇ ಇದ್ದದ್ದನ್ನು ಕಾಣಲು ನನಗೆ ಮೂರು ವಾರ ಬೇಕಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ಅವರು ಹೇಳಿದ್ದು ಇಷ್ಟು. ಜನವರಿ ಕೊನೆಯಿಂದ ಹೊಟ್ಟೆ ಕಟ್ಟಿದೆ. ಅದಕ್ಕೆ ಮೊದಲು ಗಡಿಯಾರ ತಪ್ಪಿದರೂ ಅವರ ಹೊಟ್ಟೆ ತಪ್ಪುತ್ತಿರಲಿಲ್ಲ. ಬೆಳಗ್ಗೆ ಐದೂವರೆಗೆ ಅಪ್ಪನ ಕೆರೆಯ ಕಡೆ ನಡೆಯಲು ಹೊರಡುವ ಮುನ್ನ ಆ ಕೆಲಸ ಮುಗಿದಿರುತ್ತಿತ್ತು. ಈಗ ನಾಲ್ಕೈದು ದಿನಕ್ಕೊಮ್ಮೆ, ಅದೂ ಆಡಿನ ಹಿಕ್ಕೆಯ ಹಾಗೆ. ಎರಡು ವಾರದಿಂದ ಬಣ್ಣವೂ ಕಪ್ಪು. ಬಾಯಿರುಚಿ ಕೆಟ್ಟಿದೆ. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದಾರೆ. ಬಾಯಾರಿಕೆ ವಿಪರೀತ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ರಕ್ತದೊತ್ತಡಕ್ಕೆ ಎಂಟು ವರ್ಷದಿಂದ ದಿನಕ್ಕೊಂದು ಗುಳಿಗೆ ಇದೆ.

"ಬಿಪಿ ಗುಳಿಗೆ ಬಿಟ್ಟು ಬೇರೆ ಔಷಧ ಏನಾದರೂ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದೆ.

"ಯಾವುದೂ ಇಲ್ಲ."

ಮಾಸ್ತರರು ಸುಳ್ಳು ಹೇಳುವವರಲ್ಲ, ಆಗಲೂ ಹೇಳಲಿಲ್ಲ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. ನಮ್ಮ ಭಾಗದಲ್ಲಿ ರೋಗಕ್ಕೆ ಕೊಡುವುದು ಔಷಧ. ಉಳಿದದ್ದೆಲ್ಲ ತಾಕತ್ತಿನ ಗುಳಿಗೆ. ತಾಕತ್ತಿನ ಗುಳಿಗೆಯನ್ನು ಯಾರೂ ಔಷಧದ ಲೆಕ್ಕಕ್ಕೆ ಸೇರಿಸುವುದಿಲ್ಲ. ಬಾದಾಮಿ, ಉತ್ತತ್ತಿಯ ಸಾಲಿನಲ್ಲಿ ಇಡುತ್ತಾರೆ. ಇಪ್ಪತ್ತು ವರ್ಷ ಇದೇ ಊರಿನಲ್ಲಿ ಕುಳಿತ ನನಗೆ ಇದು ಗೊತ್ತಿರಬೇಕಿತ್ತು.

ನಾಲಿಗೆ ಒಣಗಿತ್ತು. ಹೊಟ್ಟೆಯ ಎಡಭಾಗದಲ್ಲಿ ಗಟ್ಟಿಯಾದ ಮಲ ಕೈಗೆ ಸಿಗುತ್ತಿತ್ತು. ಗುದದ್ವಾರದ ಪರೀಕ್ಷೆಯಲ್ಲಿ ಗಡ್ಡೆ ಇರಲಿಲ್ಲ. ನಾನು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ: ನಾರಿನಂಶ ಹೆಚ್ಚು ತಿನ್ನಿ, ನೀರು ಹೆಚ್ಚು ಕುಡಿಯಿರಿ. ಅಲ್ಲಿಯವರೆಗೆ ಕ್ಯಾಲೆಂಡರ್ ನೋಡುತ್ತಿದ್ದ ಸೊಸೆ ತಿರುಗಿ, "ಸರ್, ಮಾವನವರು ಎರಡು ಹೊತ್ತು ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ ಬಿಟ್ಟು ಬೇರೆ ಮುಟ್ಟುವುದಿಲ್ಲ. ನೀರಂತೂ ನಾಲ್ಕು ಲೀಟರ್ ಕುಡಿಯುತ್ತಾರೆ" ಎಂದರು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ತೊಗರಿ ಬೇಳೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ತೊಗರಿ ಕಣಜದಲ್ಲಿ ಕುಳಿತು ತೊಗರಿ ತಿನ್ನುವವರಿಗೆ ನಾರಿನ ಪಾಠ ಹೇಳಿದ್ದೆ. ಆ ಉತ್ತರ ಕೇಳಿದಾಗಲೇ ನಾನು ನಿಂತು ಯೋಚಿಸಬೇಕಿತ್ತು: ಇಷ್ಟು ನಾರು, ಇಷ್ಟು ನೀರು ಒಳಗೆ ಹೋಗಿಯೂ ಮಲ ಕಲ್ಲಾಗುವುದು ಹೇಗೆ?

ಯೋಚಿಸಲಿಲ್ಲ. ಒಂದೊಂದು ತೊಂದರೆಗೂ ಒಂದೊಂದು ಸಿದ್ಧ ಕಾರಣ ನನ್ನ ಬಳಿ ಇತ್ತು. ಬಾಯಾರಿಕೆಗೆ ಕಲಬುರಗಿಯ ಬಿಸಿಲು. ರಾತ್ರಿಯ ಮೂತ್ರಕ್ಕೆ ಪ್ರಾಸ್ಟೇಟ್ ಗ್ರಂಥಿ. ಹಸಿವಿಲ್ಲದ್ದಕ್ಕೆ ಕಟ್ಟಿದ ಹೊಟ್ಟೆ. ಸಕ್ಕರೆ ಕಾಯಿಲೆ ಇರಬಹುದೇ ಎಂದು ನೋಡಿದೆ, ಇರಲಿಲ್ಲ. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 12.8. ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ 1.4 ಬಂತು, ತುಸು ಹೆಚ್ಚೇ, ಆದರೆ ವಯಸ್ಸಾಯಿತಲ್ಲ ಎಂದು ಚೀಟಿ ಮಡಚಿದೆ. ರಕ್ತದ ಕ್ಯಾಲ್ಸಿಯಂ ಬರೆಯಲಿಲ್ಲ. ಮಲಬದ್ಧತೆಗೆ ನಾವು ದಿನನಿತ್ಯ ಬರೆಯುವ ಪರೀಕ್ಷೆಗಳಲ್ಲಿ ಅದು ಬಹಳ ಸಲ ಇರುವುದೇ ಇಲ್ಲ.

ನನ್ನ ತಲೆಯನ್ನು ಹಿಡಿದಿದ್ದು ಕಪ್ಪು ಮಲ. ಅರವತ್ತು ದಾಟಿದವರಲ್ಲಿ ಇದ್ದಕ್ಕಿದ್ದಂತೆ ಹೊಟ್ಟೆಯ ರೂಢಿ ಬದಲಾಗಿ, ತೂಕ ಇಳಿದು, ಮಲ ಕಪ್ಪಾದರೆ ದೊಡ್ಡ ಕರುಳಿನ ಕ್ಯಾನ್ಸರ್ ಇರಬಹುದೆಂದು ಅನುಮಾನಿಸಲೇಬೇಕು. ಅನುಮಾನಿಸಿದ್ದು ತಪ್ಪೆಂದು ಈಗಲೂ ಹೇಳಲಾರೆ. ಮಲದಲ್ಲಿ ಅಡಗಿದ ರಕ್ತದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿಗೆ ಬರೆದೆ. ಅಲ್ಲಿಯವರೆಗೆ ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್, ರಾತ್ರಿ 30 ಮಿಲಿಲೀಟರ್.

ಮಾರ್ಚ್ 13ಕ್ಕೆ ಕೊಲೊನೊಸ್ಕೋಪಿ ಆಯಿತು. ಕರುಳು ಖಾಲಿ ಮಾಡುವ ದ್ರಾವಣವನ್ನು ಎರಡು ಸಲ ಕುಡಿಸಬೇಕಾಯಿತಂತೆ. ಒಳಗೆ ಸಣ್ಣ ಮೂಲವ್ಯಾಧಿ ಬಿಟ್ಟರೆ ಏನೂ ಇಲ್ಲ. ಫೋನಿನಲ್ಲಿ ಮಗನಿಗೆ "ಚಿಂತೆ ಇಲ್ಲ" ಎಂದೆ. ಆ ಮಾತು ನಾಲ್ಕು ದಿನವೂ ಬಾಳಲಿಲ್ಲ.

ಮಾರ್ಚ್ 17ರ ಬೆಳಗ್ಗೆ ಮಾಸ್ತರರನ್ನು ಆಟೋದಿಂದ ಇಬ್ಬರು ಹಿಡಿದು ಇಳಿಸಿದರು. ಎರಡು ದಿನದಿಂದ ವಾಂತಿ, ಕಾಲಲ್ಲಿ ಬಲವಿಲ್ಲ. ಹಿಂದಿನ ರಾತ್ರಿ ಮೊಮ್ಮಗಳನ್ನು ತಮ್ಮ ತೀರಿಹೋದ ತಂಗಿಯ ಹೆಸರಿನಿಂದ ಕರೆದಿದ್ದರಂತೆ. ನನ್ನನ್ನು ನೋಡಿ, "ಇನ್‌ಸ್ಪೆಕ್ಟರ್ ಸಾಹೇಬರು ಬಂದರೇ? ಮಕ್ಕಳನ್ನು ಸಾಲಾಗಿ ಕೂರಿಸಿ" ಎಂದರು. ಮಲ ಮತ್ತೆ ಕಟ್ಟಿತ್ತು. ನಾಲ್ಕು ದಿನದ ಹಿಂದೆ ತೊಳೆದು ಖಾಲಿಯಾಗಿದ್ದ ಕರುಳು ಅಲುಗಾಡುತ್ತಲೇ ಇಲ್ಲ ಎನ್ನುವ ಹಾಗಿತ್ತು. ಸ್ಟೆತಾಸ್ಕೋಪ್ ಇಟ್ಟರೆ ಹೊಟ್ಟೆಯ ಸದ್ದು ಬಹಳ ಹೊತ್ತಿಗೊಮ್ಮೆ.

ಅವರನ್ನು ಮಂಚದ ಮೇಲೆ ಮಲಗಿಸಿ ಡ್ರಿಪ್ ಏರಿಸುವಾಗ ಸೊಸೆ ಚೀಲದಿಂದ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಮಾವನವರ ತಾಕತ್ತಿನ ಗುಳಿಗೆಗಳು, ಸರ್. ವಾಂತಿ ಆಗುತ್ತಿದೆಯಲ್ಲ, ಇವನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಕೇಳೋಣವೆಂದು ತಂದೆ."

ಮೂರು ವಾರದ ಹಿಂದೆ ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಅವರು ಕೇಳಿದರು.

ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಗುಳಿಗೆ, ದಿನಕ್ಕೆರಡು. ಹಸಿರು ಬಣ್ಣದ ಮಲ್ಟಿವಿಟಮಿನ್ ಕ್ಯಾಪ್ಸೂಲ್. ಚೀಪುವ ಕಿತ್ತಳೆ ಬಣ್ಣದ ವಿಟಮಿನ್ ಸಿ. ಪುಣೆಯಲ್ಲಿರುವ ಮಗ ತರಿಸಿಕೊಟ್ಟ ಮ್ಯಾಗ್ನೀಸಿಯಂ ಬಾಟಲಿ. ಹೆಂಡತಿಗೆ ಯಾವಾಗಲೋ ಕೊಟ್ಟಿದ್ದ ಕಬ್ಬಿಣಾಂಶದ ಗುಳಿಗೆಯ ಅರ್ಧ ಪಟ್ಟಿ. ಹಾಲಿಗೆ ಬೆರೆಸಿ ಕುಡಿಯುವ ವಿಟಮಿನ್ ಡಿ-3 ಪುಡಿಯ ಪೊಟ್ಟಣಗಳು, ಒಂದೊಂದರಲ್ಲಿ 60,000 ಯೂನಿಟ್. ಎಲ್ಲಕ್ಕಿಂತ ಕೆಳಗೆ ಒಂದು ನೋಟ್‌ಬುಕ್.

ಅದನ್ನು ತೆರೆದಾಗ ನನಗೆ ನಗುವೂ ಬಂತು, ಎದೆಯೂ ಧಸಕ್ಕೆಂದಿತು. ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದ ಪುಟಗಳು. ಮೇಲೆ 1ರಿಂದ 31ರವರೆಗೆ ತಾರೀಖು. ಎಡಕ್ಕೆ ಮಕ್ಕಳ ಹೆಸರು ಇರಬೇಕಾದ ಜಾಗದಲ್ಲಿ ಗುಳಿಗೆಗಳ ಹೆಸರು, ಕ್ರಮಸಂಖ್ಯೆ ಸಮೇತ. ನುಂಗಿದ ದಿನ ಓರೆಗೆರೆ, ಮರೆತ ದಿನ 'ಗೈ'. ತಿಂಗಳ ಕೊನೆಗೆ ಒಟ್ಟು ಹಾಜರಿ. ಮೂವತ್ತು ವರ್ಷ ಮಕ್ಕಳ ಹಾಜರಿ ಬರೆದ ಕೈ ಈಗ ಗುಳಿಗೆಗಳ ಹಾಜರಿ ಬರೆಯುತ್ತಿತ್ತು.

ಮಲ್ಟಿವಿಟಮಿನ್ ಆಗಾಗ ಗೈರು. ಮ್ಯಾಗ್ನೀಸಿಯಂ ಜನವರಿ 8ಕ್ಕೆ ಶಾಲೆಗೆ ಸೇರಿ 19ಕ್ಕೆ ಬಿಟ್ಟಿತ್ತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಭೇದಿ' ಎಂದಿತ್ತು. ಕಬ್ಬಿಣ ಫೆಬ್ರುವರಿ 5ರಿಂದ ಹಾಜರು. ಮೊದಲನೇ ಸಾಲು, ಡಿ-3 ಪುಡಿ, ಡಿಸೆಂಬರ್ 10ರಿಂದ ಮಾರ್ಚ್ 16ರವರೆಗೆ ಒಂದೂ ಗೈರು ಇಲ್ಲ. ಭಾನುವಾರದ ರಜೆಯೂ ಇಲ್ಲ. ಬೆರಳಿಟ್ಟು ಎಣಿಸಿದೆ: 97.

ಇಷ್ಟು ಕರಾರುವಾಕ್ಕಾದ ಔಷಧ ಇತಿಹಾಸ ನನ್ನ ವೃತ್ತಿಯಲ್ಲಿ ಇನ್ನೊಮ್ಮೆ ಸಿಕ್ಕಿಲ್ಲ.

60,000 ಯೂನಿಟ್ಟಿನ ಪುಡಿ ವಾರಕ್ಕೊಮ್ಮೆ ತೆಗೆದುಕೊಳ್ಳುವಂಥದ್ದು. ನಮ್ಮ ದೇಶದ 2020ರ ಪೋಷಕಾಂಶ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಬೇಕಾದ ವಿಟಮಿನ್ ಡಿ 600 ಯೂನಿಟ್. ಒಂದು ಪೊಟ್ಟಣವೆಂದರೆ ನೂರು ದಿನದ ಪಡಿ. ಕೊರತೆ ಇದ್ದವರಿಗೆ ತುಂಬಿಕೊಡಲು ಆರರಿಂದ ಎಂಟು ವಾರ ವಾರಕ್ಕೊಂದರಂತೆ ಕೊಡುತ್ತೇವೆ. ಮಾಸ್ತರರು 97 ದಿನದಲ್ಲಿ 58 ಲಕ್ಷ 20 ಸಾವಿರ ಯೂನಿಟ್ ಕುಡಿದಿದ್ದರು, ಅಂದರೆ ಇಪ್ಪತ್ತಾರು ವರ್ಷದ ಪಡಿ. ತೂಕದಲ್ಲಿ ನೋಡಿದರೆ ಅದು ಏನೂ ಅಲ್ಲ: 40 ಯೂನಿಟ್ ಸೇರಿದರೆ ಒಂದು ಮೈಕ್ರೊಗ್ರಾಂ, ಹಾಗಾಗಿ ಒಟ್ಟು 145 ಮಿಲಿಗ್ರಾಂ ಚಿಲ್ಲರೆ. ಜ್ವರಕ್ಕೆ ನುಂಗುವ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಗುಳಿಗೆಯ ಮೂರನೇ ಒಂದು ಭಾಗಕ್ಕೂ ಕಡಿಮೆ.

ರಕ್ತ ತೆಗೆಸಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕಳಿಸಿ ನಾನೂ ಹಿಂದೆಯೇ ಹೋದೆ. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಬಂತು. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಲೆಕ್ಕ ಹಿಡಿದು ಸರಿಪಡಿಸಿದ ಮೇಲೆ ಕ್ಯಾಲ್ಸಿಯಂ ಡೆಸಿಲೀಟರಿಗೆ 13.8 ಮಿಲಿಗ್ರಾಂ, ಇರಬೇಕಾದದ್ದು 8.5ರಿಂದ 10.5. ಕ್ರಿಯಾಟಿನಿನ್ 1.4ರಿಂದ 2.1ಕ್ಕೆ ಏರಿತ್ತು. ಇಸಿಜಿಯಲ್ಲಿ ಕ್ಯೂಟಿ ಅಂತರ ಕುಗ್ಗಿತ್ತು, ಕ್ಯಾಲ್ಸಿಯಂ ಏರಿದಾಗ ಹೃದಯದಲ್ಲಿ ಕಾಣುವ ಗುರುತು ಅದು. ವಿಟಮಿನ್ ಡಿ ಮಟ್ಟ ಎರಡು ದಿನ ಬಿಟ್ಟು ಬಂತು: '150ಕ್ಕಿಂತ ಹೆಚ್ಚು'. ಆ ಯಂತ್ರಕ್ಕೆ ಅಲ್ಲಿಂದ ಮೇಲೆ ಎಣಿಸಲು ಬರುವುದಿಲ್ಲ. 150 ದಾಟಿದರೆ ವಿಷದ ಮಟ್ಟ ಎನ್ನುತ್ತೇವೆ.

ನೋಟ್‌ಬುಕ್ ಕೈಯಲ್ಲಿದ್ದರೂ ಬೇರೆ ಕಾರಣಗಳನ್ನು ತಳ್ಳಿಹಾಕದೆ ಬಿಡುವಂತಿರಲಿಲ್ಲ. ಈ ವಯಸ್ಸಿನಲ್ಲಿ ಕ್ಯಾಲ್ಸಿಯಂ ಏರಿದರೆ ರಕ್ತದ ಕ್ಯಾಲ್ಸಿಯಂ ಹಿಡಿತದಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿಯ ಗಡ್ಡೆ, ಮೂಳೆಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾ, ಬೇರೆ ಕ್ಯಾನ್ಸರ್, ಕ್ಷಯ, ಇಷ್ಟನ್ನೂ ನೋಡಬೇಕು. ಪ್ಯಾರಾಥೈರಾಯ್ಡ್ ಹಾರ್ಮೋನ್ 6ಕ್ಕೆ ಕುಸಿದಿತ್ತು, ಅಂದರೆ ಗ್ರಂಥಿ ತೆಪ್ಪಗೆ ಕುಳಿತಿದೆ, ತಂಟೆ ಅದರದ್ದಲ್ಲ. ಎದೆಯ ಎಕ್ಸ್‌ರೇ, ರಕ್ತದ ಪ್ರೋಟೀನ್ ಪರೀಕ್ಷೆ ಎಲ್ಲ ಸ್ವಚ್ಛ.

ಕ್ಯಾಲ್ಸಿಯಂ ಏರಿದರೆ ಕರುಳು ಯಾಕೆ ನಿಲ್ಲಬೇಕು? ಮಗ ಪುಣೆಯಿಂದ ರಾತ್ರಿಯ ಬಸ್ಸಿಗೆ ಬಂದವರು ವಾರ್ಡಿನ ಹೊರಗೆ ನಿಂತು ಕೇಳಿದ್ದು ಇದನ್ನೇ. ವಿಟಮಿನ್ ಡಿಯ ಮುಖ್ಯ ಕೆಲಸ ನಡೆಯುವುದು ಕರುಳಿನಲ್ಲಿ. ಅದು ಸಾಲದಿದ್ದರೆ ಊಟದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಒಳಗೆ ಹೋಗುತ್ತದೆ. ಸಾಕಷ್ಟಿದ್ದರೆ ಮೂವತ್ತರಿಂದ ನಲವತ್ತು. ಅತಿಯಾದರೆ ಬಾಗಿಲಿಗೆ ಚಿಲಕವೇ ಇಲ್ಲದಂತಾಗುತ್ತದೆ, ಮೂಳೆಯೊಳಗಿನ ಕ್ಯಾಲ್ಸಿಯಂ ಕೂಡ ರಕ್ತಕ್ಕೆ ಇಳಿಯುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ನರ ಮತ್ತು ಸ್ನಾಯು ಜಡವಾಗುತ್ತವೆ. ಮೆದುಳಿಗೆ ಮಂಕು, ಕಾಲಿಗೆ ನಿಶ್ಶಕ್ತಿ. ಮಲವನ್ನು ಮುಂದಕ್ಕೆ ತಳ್ಳುವ ಕರುಳಿನ ಅಲೆ ಮಲಗಿಬಿಡುತ್ತದೆ.

ಇನ್ನೊಂದು ಕಡೆ ಮೂತ್ರಪಿಂಡ. ಕ್ಯಾಲ್ಸಿಯಂ ಏರಿದಾಗ ಅದು ನೀರನ್ನು ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಕುಡಿದ ನೀರೆಲ್ಲ ಮೂತ್ರವಾಗಿ ಸುರಿದುಹೋಗುತ್ತದೆ, ಬಾಯಾರುತ್ತದೆ, ಮತ್ತೆ ಕುಡಿಯುತ್ತಾರೆ, ಮತ್ತೆ ಸುರಿಯುತ್ತದೆ. ಒಣಗಿದ ದೇಹ ನೀರಿಗಾಗಿ ದೊಡ್ಡ ಕರುಳಿನಲ್ಲಿರುವ ಮಲವನ್ನೇ ಹಿಂಡುತ್ತದೆ. ದಿನಕ್ಕೆ ನಾಲ್ಕು ಲೀಟರ್ ಕುಡಿಯುವ ಮನುಷ್ಯನಿಗೆ ಆಡಿನ ಹಿಕ್ಕೆ ಯಾಕಾಯಿತೆಂಬುದಕ್ಕೆ ಉತ್ತರ ಇಲ್ಲಿತ್ತು. ನಾನು ಬೇರೆಬೇರೆ ಖಾತೆಗೆ ಹಾಕಿದ್ದ ಬಾಯಾರಿಕೆ, ರಾತ್ರಿಯ ಮೂತ್ರ, ಹಸಿವಿಲ್ಲದ್ದು, ಕಟ್ಟಿದ ಹೊಟ್ಟೆ ಎಲ್ಲ ಒಂದೇ ಖಾತೆಯವು.

ಡಬ್ಬಿಯ ಉಳಿದ ನಿವಾಸಿಗಳೂ ಕೈಕಟ್ಟಿ ಕುಳಿತಿರಲಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ತಾನಾಗಿಯೇ ಹೊಟ್ಟೆ ಕಟ್ಟಿಸುತ್ತದೆ. ಇಲ್ಲಿ ಅದು ಬೆಂಕಿಗೆ ಸೌದೆಯೂ ಆಗಿತ್ತು. ಕಬ್ಬಿಣಾಂಶದ ಗುಳಿಗೆಯಲ್ಲಿ ದೇಹ ಹೀರಿಕೊಳ್ಳುವುದು ಅಲ್ಪ ಪಾಲು, ಹೆಚ್ಚಿನದು ಹಾಗೆಯೇ ದೊಡ್ಡ ಕರುಳಿಗೆ ಇಳಿದು ಮಲವನ್ನು ಗಟ್ಟಿ ಮಾಡುತ್ತದೆ, ಕಪ್ಪಾಗಿಸುತ್ತದೆ. ನನ್ನನ್ನು ಕ್ಯಾನ್ಸರಿನ ಕಡೆ ಓಡಿಸಿದ ಕಪ್ಪು ಬಣ್ಣ ಇದರದ್ದು. ಹೊಟ್ಟೆಯೊಳಗೆ ರಕ್ತಸ್ರಾವವಾದರೆ ಮಲ ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಇರುತ್ತದೆ. ಕಬ್ಬಿಣದ ಕಪ್ಪು ಹಸಿರುಮಿಶ್ರಿತ, ಮಲದ ಆಕಾರ ಕೆಡುವುದಿಲ್ಲ. ಹಿಕ್ಕೆಯಂತೆ ಎಂದು ಮಾಸ್ತರರು ಹೇಳಿದಾಗಲೇ ನನಗೆ ವ್ಯತ್ಯಾಸ ಹೊಳೆಯಬೇಕಿತ್ತು. ಆದರೂ ಗುಳಿಗೆ ನುಂಗುತ್ತಿರುವ ಮಾತ್ರಕ್ಕೆ ಕಪ್ಪು ಮಲವನ್ನು ಮನೆಯಲ್ಲೇ ಕುಳಿತು ಕಬ್ಬಿಣದ್ದೆಂದು ತೀರ್ಮಾನಿಸಬೇಡಿ, ಒಮ್ಮೆ ತೋರಿಸಿ.

ಮ್ಯಾಗ್ನೀಸಿಯಂ ಇದಕ್ಕೆ ಉಲ್ಟಾ. ಅದು ಕರುಳಿನೊಳಗೆ ನೀರನ್ನು ಎಳೆದು ಮಲ ಸಡಿಲಿಸುತ್ತದೆ. ಮಲಬದ್ಧತೆಗೆ ಕೊಡುವ ಬಿಳಿ ಹಾಲಿನಂಥ ಔಷಧದಲ್ಲಿ ಇರುವುದೂ ಮ್ಯಾಗ್ನೀಸಿಯಮ್ಮೇ. ವಿಟಮಿನ್ ಸಿ ಕೂಡ ದಿನಕ್ಕೆ ಎರಡು ಗ್ರಾಂ ದಾಟಿದರೆ ಭೇದಿ ಮಾಡಿಸಬಲ್ಲದು. ಹೀಗಾಗಿ ಜನವರಿಯ ನಡುವೆ ಮಾಸ್ತರರ ಕರುಳನ್ನು ಒಂದು ಗುಳಿಗೆ ಕಟ್ಟುತ್ತಿತ್ತು, ಇನ್ನೊಂದು ಬಿಚ್ಚುತ್ತಿತ್ತು. ಬಿಚ್ಚುವುದನ್ನು 19ಕ್ಕೆ ನಿಲ್ಲಿಸಿದರು. ಹತ್ತು ದಿನದಲ್ಲಿ ಹೊಟ್ಟೆ ಕಟ್ಟಿತು.

ಮೂರನೆಯ ಕೈ ನಾವು ವೈದ್ಯರೇ ಕೊಟ್ಟದ್ದು. ಅವರ ಬಿಪಿ ಗುಳಿಗೆಯಲ್ಲಿ ಟೆಲ್ಮಿಸಾರ್ಟನ್ ಜೊತೆಗೆ 12.5 ಮಿಲಿಗ್ರಾಂ ಹೈಡ್ರೊಕ್ಲೋರೊಥಯಾಜೈಡ್ ಇತ್ತು. ಮೂತ್ರದಲ್ಲಿ ಹೊರಹೋಗಬೇಕಾದ ಕ್ಯಾಲ್ಸಿಯಂ ಅನ್ನು ಅದು ತಡೆದಿಡುತ್ತದೆ. ಒಳಬಾಗಿಲು ಹಾರುಹೊಡೆದಿರುವಾಗ ಹೊರಬಾಗಿಲಿಗೆ ಅಗುಳಿ ಹಾಕಿದಂತೆ. ಎಂಟು ವರ್ಷ ಯಾವ ತೊಂದರೆಯನ್ನೂ ಮಾಡದಿದ್ದ ಗುಳಿಗೆ.

ಚಿಕಿತ್ಸೆಯಲ್ಲಿ ಚಮತ್ಕಾರವೇನೂ ಇಲ್ಲ. ಡಬ್ಬಿ ಬಂದ್. ಬಿಪಿ ಗುಳಿಗೆ ಬದಲು. ಉಪ್ಪುನೀರಿನ ಡ್ರಿಪ್, ಮೊದಲೆರಡು ದಿನ ನಾಲ್ಕು ಲೀಟರಿನ ಹತ್ತಿರ, ಹೃದಯ ತಡೆಯುವಷ್ಟು ನೋಡಿಕೊಂಡು. ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸಲು ಪ್ರೆಡ್ನಿಸೊಲೋನ್, ದಿನಕ್ಕೆ 40 ಮಿಲಿಗ್ರಾಂ. ಎರಡನೇ ದಿನ ಎನಿಮಾ. ಮೂಳೆಯಿಂದ ಕ್ಯಾಲ್ಸಿಯಂ ಇಳಿಯದಂತೆ ತಡೆಯುವ ಇಂಜೆಕ್ಷನ್ ಸಿದ್ಧವಿತ್ತು. ಮೂತ್ರಪಿಂಡದ ಸ್ಥಿತಿ ನೋಡಿ ತಡೆದೆವು, ಆಮೇಲೆ ಬೇಕಾಗಲಿಲ್ಲ. ಮೂರನೇ ದಿನ ಕ್ಯಾಲ್ಸಿಯಂ 12.6. ಮಾಸ್ತರರು ಆ ಸಂಜೆ ನರ್ಸಿಗೆ, "ತಾಯಿ, ಇದು ಯಾವ ಊರು?" ಎಂದು ಕೇಳಿ, ಕಲಬುರಗಿ ಎಂದಾಗ ಸಮಾಧಾನದಿಂದ ತಲೆಯಾಡಿಸಿದರಂತೆ.

ಐದನೇ ದಿನ ಬೆಳಗ್ಗೆ ಕ್ಯಾಲ್ಸಿಯಂ 11.7. ಲ್ಯಾಕ್ಟುಲೋಸ್ ಅದೇ ಹಳೆಯ 30 ಮಿಲಿಲೀಟರ್. ಮೂರು ವಾರ ಕುಡಿದರೂ ಕೆಲಸ ಮಾಡದ ಸಿರಪ್ಪು ಅಂದು ಮಾಡಿತು. ನಾನು ವಾರ್ಡಿಗೆ ಹೋದಾಗ ಅವರು ಮುಖ ತೊಳೆದು, ತಲೆ ಬಾಚಿಕೊಂಡು ಕುಳಿತಿದ್ದರು. ಪಕ್ಕದ ಮಂಚದ ಅಜ್ಜನಿಗೂ ಸುದ್ದಿ ಮುಟ್ಟಿತ್ತು.

ಒಂಬತ್ತನೇ ದಿನ, 10.9ಕ್ಕೆ, ಮನೆಗೆ ಕಳಿಸಿದೆವು. ಹಾಲು, ಮೊಸರು, ಮಜ್ಜಿಗೆ, ಎಳ್ಳಿನ ಹಿಂಡಿ ಕೆಲವು ವಾರ ಬೇಡವೆಂದೆ. ಏಪ್ರಿಲ್ ಬಿಸಿಲು ನಲವತ್ತು ದಾಟುವ ಊರಿನಲ್ಲಿ ಮಜ್ಜಿಗೆ ಬೇಡ ಎನ್ನುವ ವೈದ್ಯನ ಬಗ್ಗೆ ಮನೆಮಂದಿ ಏನಂದುಕೊಂಡರೋ ಕೇಳಲು ಹೋಗಲಿಲ್ಲ.

ಇದು ಅಲ್ಲಿಗೆ ಮುಗಿಯುವ ರೋಗವಲ್ಲ. ಬಿ ಮತ್ತು ಸಿ ವಿಟಮಿನ್ನುಗಳು ನೀರಿನಲ್ಲಿ ಕರಗುವಂಥವು, ಹೆಚ್ಚಾದದ್ದು ಬಹುತೇಕ ಮೂತ್ರದಲ್ಲಿ ಹೋಗುತ್ತದೆ. ಬಿ ಕಾಂಪ್ಲೆಕ್ಸ್ ನುಂಗಿದ ಮರುದಿನ ಮೂತ್ರ ಹಳದಿಯಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಡಿ ಕೊಬ್ಬಿನಲ್ಲಿ ಕರಗುತ್ತದೆ, ಕೊಬ್ಬಿನಲ್ಲೇ ಗೂಡು ಕಟ್ಟುತ್ತದೆ, ಅಲ್ಲಿಂದ ತಿಂಗಳುಗಟ್ಟಲೆ ಸೋರುತ್ತದೆ. ಮೇ ತಿಂಗಳಲ್ಲಿ ಪ್ರೆಡ್ನಿಸೊಲೋನ್ ಇಳಿಸುತ್ತಿದ್ದಂತೆ ಕ್ಯಾಲ್ಸಿಯಂ ಮತ್ತೆ 11.4ಕ್ಕೆ ಏರಿತು. ಈ ಸಲ ಮಾಸ್ತರರೇ ಮೊದಲು ಹಿಡಿದರು: "ಎರಡು ದಿನದಿಂದ ಹೊಟ್ಟೆ ಮಂದವಾಗಿದೆ, ರಕ್ತ ನೋಡಿ" ಎಂದು ತಾವೇ ಬಂದರು. ಗುಳಿಗೆಯನ್ನು ತುಸು ಏರಿಸಿ ಇನ್ನೂ ನಿಧಾನವಾಗಿ ಇಳಿಸಿದೆ. ಜುಲೈನಲ್ಲಿ ಕ್ಯಾಲ್ಸಿಯಂ 9.8, ವಿಟಮಿನ್ ಡಿ ಇನ್ನೂ 98. ಕ್ರಿಯಾಟಿನಿನ್ 1.3ಕ್ಕೆ ನಿಂತಿದೆ, ಹಿಂದೆ ಎಷ್ಟಿತ್ತೋ ಅಷ್ಟಕ್ಕೆ ಮರಳುತ್ತದೆಂಬ ಭರವಸೆ ನನಗಿಲ್ಲ.

ವಾರದ ಗುಳಿಗೆ ದಿನದ್ದಾಗಿದ್ದು ಹೇಗೆ? ಡಿಸೆಂಬರಿನಲ್ಲಿ ಮಂಡಿನೋವಿಗೆ ಮೂಳೆ ತಜ್ಞರ ಬಳಿ ಹೋಗಿದ್ದರು. ವಿಟಮಿನ್ ಡಿ 14 ಇತ್ತು, ನಿಜವಾಗಿಯೂ ಕೊರತೆಯೇ. ಇಷ್ಟು ಬಿಸಿಲಿನ ನಾಡಿನಲ್ಲಿ ಕೊರತೆಯೇ ಎಂದು ಹುಬ್ಬೇರಿಸುವವರಿಗೆ ಹೇಳಬೇಕಾದದ್ದು: ಸೂರ್ಯ ಹುಟ್ಟುವ ಮುಂಚೆ ಕೆರೆ ಸುತ್ತಿ, ಬಿಸಿಲೇರುವ ಹೊತ್ತಿಗೆ ಮನೆ ಸೇರಿ, ಮೈತುಂಬ ಬಟ್ಟೆ ತೊಟ್ಟವರ ಚರ್ಮಕ್ಕೆ ಬೇಕಾದ ಕಿರಣ ತಾಕುವುದೇ ಇಲ್ಲ. ತಜ್ಞರು ಬರೆದದ್ದು ಸರಿಯಾಗಿಯೇ ಇತ್ತು. ಆ ಚೀಟಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ವಾರಕ್ಕೊಂದು, ಎಂಟು ವಾರ. ಆದರೆ ಬರೆದದ್ದು ಇಂಗ್ಲಿಷಿನಲ್ಲಿ, ಓಡುವ ಕೈಬರಹದಲ್ಲಿ, ಎರಡು ಅಕ್ಷರದ ಸಂಕ್ಷೇಪದಲ್ಲಿ. ಔಷಧ ಅಂಗಡಿಯ ಹುಡುಗ "ಬೆಳಗ್ಗೆ ಹಾಲಿನಲ್ಲಿ ಒಂದು" ಎಂದನಂತೆ. ಅದೂ ಸುಳ್ಳಲ್ಲ, ಯಾವ ಬೆಳಗ್ಗೆ ಎಂದು ಹೇಳಲಿಲ್ಲ ಅಷ್ಟೇ. ಎಂಟು ಪೊಟ್ಟಣ ಎಂಟು ದಿನಕ್ಕೆ ಮುಗಿದವು. ಮಂಡಿ ಹಗುರವಾದಂತೆ ಅನ್ನಿಸಿತು. ಖಾಲಿ ಪೊಟ್ಟಣ ತೋರಿಸಿ ಮತ್ತೆ ತಂದರು, ಮತ್ತೆ ತಂದರು. ಯಾವ ಅಂಗಡಿಯಲ್ಲೂ ಯಾರೂ ಏನೂ ಕೇಳಲಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಸರ್ಕಾರದ ಕಾರ್ಯಕ್ರಮದಂತೆ ಶಾಲೆಯ ಮಕ್ಕಳಿಗೆ ವಾರಕ್ಕೊಮ್ಮೆ ಕಬ್ಬಿಣಾಂಶದ ನೀಲಿ ಗುಳಿಗೆ ಕೊಡುತ್ತಾರಲ್ಲ, ಮಾಸ್ತರರು ತಮ್ಮ ಶಾಲೆಯಲ್ಲಿ ವರ್ಷಗಟ್ಟಲೆ ಎದುರಿಗೆ ನಿಂತು ನುಂಗಿಸಿದವರು. ವಾರದ ಗುಳಿಗೆ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಸ್ಪತ್ರೆಯಲ್ಲಿ ಈ ಮಾತು ಎತ್ತಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಮೇಲೆ ಆದೇಶ ಬಂದಿತ್ತು, ಡಾಕ್ಟರ್ ಸಾಹೇಬರೇ. ಕನ್ನಡದಲ್ಲಿ" ಎಂದರು.

ಅಂದಿನಿಂದ 60,000ದ ಪುಡಿ ಬರೆದಾಗಲೆಲ್ಲ ಚೀಟಿಯ ಮೇಲೆ ಕನ್ನಡದಲ್ಲಿ 'ಪ್ರತಿ ಸೋಮವಾರ ಮಾತ್ರ, ಎಂಟು ಸೋಮವಾರ' ಎಂದು ಬರೆಯುತ್ತೇನೆ, ಕೊನೆಯ ಸೋಮವಾರದ ತಾರೀಖನ್ನೂ ಹಾಕುತ್ತೇನೆ. ಹೊಟ್ಟೆ ಕಟ್ಟಿದೆ ಎಂದು ಬಂದವರನ್ನು ಈಗ ಔಷಧದ ಬಗ್ಗೆ ಕೇಳುವುದಿಲ್ಲ. ಬೆಳಗ್ಗೆಯಿಂದ ರಾತ್ರಿಯವರೆಗೆ ಬಾಯಿಗೆ ಏನೇನು ಹಾಕಿಕೊಳ್ಳುತ್ತೀರಿ, ಡಬ್ಬಿ ಸಮೇತ ತನ್ನಿ ಎನ್ನುತ್ತೇನೆ. ಬರುವ ಡಬ್ಬಿಗಳು ನೋಡುವಂತಿರುತ್ತವೆ. ಕೊಲೊನೊಸ್ಕೋಪಿಗೆ ಬರೆಯುವ ಮುನ್ನ ಕ್ಯಾಲ್ಸಿಯಂ ಬರೆಯುತ್ತೇನೆ. ಎರಡರ ಖರ್ಚನ್ನು ಹೋಲಿಸುವಂತೆಯೇ ಇಲ್ಲ. ಇದನ್ನು ಓದಿ ವೈದ್ಯರು ಬರೆದ ವಿಟಮಿನ್ ಡಿಯನ್ನು ಯಾರೂ ಬಿಸಾಡಬಾರದು. ವಾರಕ್ಕೊಂದರಂತೆ ಎಂಟು ಪೊಟ್ಟಣ ಕುಡಿದು ಆರಾಮಾಗಿ ಓಡಾಡುವವರು ನನ್ನ ಬಳಿಯೇ ನೂರಾರು ಮಂದಿ ಇದ್ದಾರೆ.

ಆಗಸ್ಟಿನಲ್ಲಿ ಮಾಸ್ತರರು ಒಬ್ಬರೇ ಬಂದರು, ನೋಟ್‌ಬುಕ್ ಕಂಕುಳಲ್ಲಿ. ಮೊದಲನೇ ಸಾಲಿನ ಡಿ-3 ಪುಡಿಯ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಟಿಸಿ ಕೊಡಲಾಗಿದೆ' ಎಂದು ಬರೆದು ಸಹಿ ಮಾಡಿದ್ದರು. ಕ್ಯಾಲ್ಸಿಯಂ, ಕಬ್ಬಿಣಗಳಿಗೂ ಅದೇ ಗತಿ. ಉಳಿದದ್ದು ಎರಡು ಸಾಲು: ಹೊಸ ಬಿಪಿ ಗುಳಿಗೆ, ಮತ್ತು 'ಸಂಡಾಸ'. ಎರಡನೆಯದರಲ್ಲಿ ಜುಲೈ ಪೂರ್ತಿ ಓರೆಗೆರೆ. 22ನೇ ತಾರೀಖಿಗೆ ಮಾತ್ರ 'ಗೈ' ಎಂದಿತ್ತು. ನಾನು ಅಲ್ಲಿ ಬೆರಳಿಟ್ಟೆ.

"ಅವತ್ತು ಆಳಂದದಲ್ಲಿ ಸೋದರಳಿಯನ ಮನೆಯ ಕಾರ್ಯಕ್ರಮ" ಎಂದರು. "ಅಲ್ಲಿ ಬಾಗಿಲಿಗೆ ಸರತಿ ಇತ್ತು."